ಹಳೇ ಓಣಿ ಕೆಡವಬೇಡಿ ಎಂದ ಗೆಡ್ಡೀಸ್

ಓಣಿ ಹಳೆಯದಾಯಿತು, ಮನೆಗಳು ಒತ್ತೊತ್ತಾಗಿವೆ, ಗಾಳಿ ಬೆಳಕಿಲ್ಲ, ಎಲ್ಲ ಕೆಡವಿ ನೆಟ್ಟಗೆ ರಸ್ತೆ ಹಾಕೋಣ ಅನ್ನುವುದು ನಗರಸಭೆಗಳ ಹಳೇ ಪಲ್ಲವಿ. ಹಳೇ ಮನೆ ಉಳಿಸಿ, ಬಡವರಿಗೂ ಸೂರು ಕೊಡಿ ಅನ್ನುವುದು ನಿವಾಸಿಗಳ ಹಳೇ ಅಹವಾಲು. ಈ ಎರಡೂ ಒಟ್ಟಿಗೆ ಆಗುವ ಕೆಲಸವೇ ಎಂದು ತೋರಿಸಿಕೊಟ್ಟ ಮಹಾನುಭಾವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್. ನಮ್ಮ ಬಳ್ಳಾರಿಯ ಬಗ್ಗೆಯೂ ವರದಿ ಬರೆದವರು.

1854ರ ಅಕ್ಟೋಬರ್ 2ರಂದು ಬ್ಯಾಲಟರ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಸಿಪಾಯಿ. ಓದಿದ್ದು ಜೀವಶಾಸ್ತ್ರ. 1879ರಲ್ಲಿ ಮೆಕ್ಸಿಕೋಗೆ ಹೋಗಿದ್ದಾಗ ಕೆಲಕಾಲ ಕಣ್ಣೇ ಕಾಣದಂತಾಯಿತು. ಸೂಕ್ಷ್ಮದರ್ಶಕ ಹಿಡಿದು ದುಡಿಯುವುದು ಅಲ್ಲಿಗೆ ಕಷ್ಟವಾಯಿತು. ಗಿಡಮರ ನೋಡುತ್ತಿದ್ದ ಮನಸ್ಸು ಊರಿನ ಕಡೆ ಹೊರಳಿತು. ಊರೂ ಒಂದು ಜೀವ, ಅದೂ ಬೆಳೆಯುತ್ತದೆ, ಕಾಯಿಲೆ ಬೀಳುತ್ತದೆ, ಮದ್ದು ಮಾಡಿದರೆ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ನಂಬಿಕೆಯಾಯಿತು.

ಎಡಿನ್‌ಬರೋ ನಗರದ ಸ್ಥಿತಿವಂತರು ಹೊಸ ಬಡಾವಣೆಗೆ ಹೋಗಿ, ಹಳೇ ಪೇಟೆಯ ಎತ್ತರದ ಕಲ್ಲು ಮನೆಗಳಲ್ಲಿ ಬಡವರು ತುಂಬಿಕೊಂಡಿದ್ದ ಕಾಲವದು. 1886ರಲ್ಲಿ ಮದುವೆಯಾದ ಗೆಡ್ಡೀಸ್ ಹೆಂಡತಿ ಅನ್ನಾ ಅವರೊಂದಿಗೆ ಅದೇ ಪೇಟೆಯ ಜೇಮ್ಸ್ ಕೋರ್ಟ್‌ಗೆ ವಾಸಕ್ಕೆ ಹೋದರು. ದೂರದಲ್ಲಿ ಕೂತು ಬುದ್ಧಿವಾದ ಹೇಳುವ ಜಾಯಮಾನ ಅವರದಲ್ಲ. ನೆರೆಹೊರೆಯವರ ಜೊತೆ ಕಸ ಎತ್ತಿದರು, ಸುಣ್ಣ ಬಳಿದರು, ಗಿಡ ನೆಟ್ಟರು. ಮುಂದೆ ರಿಡಲ್ಸ್ ಕೋರ್ಟ್ ಎಂಬ ಹಳೇ ಕಟ್ಟಡವನ್ನು ದುರಸ್ತಿ ಮಾಡಿಸಿ ವಿದ್ಯಾರ್ಥಿ ನಿಲಯವಾಗಿಸಿದರು. ನಗರದ ಹಿರಿಯರ ಹಿಂದೆ ಬಿದ್ದು ಒಂದೊಂದೇ ಹಳೇ ಮನೆ ಉಳಿಸಿಕೊಂಡರು.

ಹಿಂದೂಸ್ಥಾನಕ್ಕೆ ಬಂದದ್ದು 1914ರಲ್ಲಿ, ಅರುವತ್ತರ ವಯಸ್ಸಿನಲ್ಲಿ. ಮದರಾಸಿನ ಗವರ್ನರ್ ಪೆಂಟ್‌ಲೆಂಡ್ ಕರೆಸಿಕೊಂಡರು. ನಗರಗಳ ಕುರಿತ ಪ್ರದರ್ಶನದ ನಕ್ಷೆ, ಚಿತ್ರಗಳನ್ನೆಲ್ಲ ಹಡಗಿಗೆ ಹಾಕಿಸಿದ್ದರು. ಜರ್ಮನರ ಎಮ್ಡೆನ್ ನೌಕೆ ಆ ಹಡಗನ್ನೇ ಮುಳುಗಿಸಿತು! ಮನುಷ್ಯ ಧೃತಿಗೆಡಲಿಲ್ಲ. ಮತ್ತೆ ಸಾಮಗ್ರಿ ಕೂಡಿಸಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಸಿಯೇ ಬಿಟ್ಟರು. ಬಳಿಕ ಆ ಪ್ರಾಂತ್ಯದ ಊರೂರು ತಿರುಗಿದರು. ತಂಜಾವೂರು, ಮಧುರೆಗಳ ಜೊತೆಗೆ ಆಗ ಮದರಾಸಿಗೆ ಸೇರಿದ್ದ ಬಳ್ಳಾರಿಯೂ ಅವರ ವರದಿಗಳಲ್ಲಿದೆ.

ಆಗಿನ ಪರಿಸ್ಥಿತಿ ಹೇಗಿತ್ತು? 1896ರ ಪ್ಲೇಗಿನ ನಂತರ ಮುಂಬಯಿಯಲ್ಲಿ ಶುರುವಾದ ಕೆಡವುವ ಚಪಲ ಎಲ್ಲ ಊರಿಗೂ ಅಂಟಿತ್ತು. ಇಂಜಿನಿಯರು ನಕ್ಷೆಯ ಮೇಲೆ ಗೆರೆ ಎಳೆದರೆ ಅಡ್ಡ ಬಂದ ಮನೆಗಳ ಕಥೆ ಮುಗಿಯಿತು. ಗೆಡ್ಡೀಸ್ ಕೇಳಿದ್ದು ಒಂದೇ ಪ್ರಶ್ನೆ: ಮನೆ ಹೋದವರು ಎಲ್ಲಿಗೆ ಹೋಗುತ್ತಾರೆ? ಪಕ್ಕದ ಕೇರಿಗೇ ತಾನೇ! ಅಲ್ಲಿ ಮೊದಲೇ ಇಕ್ಕಟ್ಟು, ಈಗ ಇಮ್ಮಡಿ ಇಕ್ಕಟ್ಟು, ಬಾಡಿಗೆಯೂ ಏರುತ್ತದೆ. ಅಂದಮೇಲೆ ರೋಗ ವಾಸಿಯಾಗಲಿಲ್ಲ, ಬೀದಿ ಬದಲಾಯಿಸಿತು ಅಷ್ಟೇ.

ಅವರ ಮದ್ದೇ ಬೇರೆ. ಮೊದಲು ನಕ್ಷೆ ಹಿಡಿದು ಓಣಿ ಓಣಿ ನಡೆಯಬೇಕು. ಯಾವ ಮನೆ ಪಾಳು ಬಿದ್ದಿದೆ, ಯಾವುದು ನಿಲ್ಲುತ್ತದೆ ನೋಡಬೇಕು. ಪಾಳು ಬಿದ್ದವನ್ನು ಮಾತ್ರ ತೆಗೆದು, ಆ ಜಾಗದಲ್ಲಿ ಸಣ್ಣ ಬಯಲು ಮಾಡಿ ಮರ ನೆಡಬೇಕು. ಕಟ್ಟೆ, ಗುಡಿಗಳನ್ನು ಮುಟ್ಟಕೂಡದು. ಕೆರೆಕುಂಟೆ ಮುಚ್ಚುವ ಬದಲು ಶುಚಿ ಮಾಡಿ, ಸೊಳ್ಳೆ ಮರಿ ತಿನ್ನುವ ಮೀನು ಬಿಡಬೇಕು. ಬಿಸಿಲು ನಾಡಿನಲ್ಲಿ ಕಿರಿದಾದ ಓಣಿಗೆ ನೆರಳಿದೆ, ಅಗಲ ರಸ್ತೆಗೆ ಬರೀ ಧೂಳು. ಖರ್ಚೂ ಕಮ್ಮಿ, ಜನರ ಶಾಪವೂ ಇಲ್ಲ.

ಸರಕಾರ ಕಟ್ಟಿಕೊಡುವ ಚಾಳುಗಳ ಮೇಲೂ ಅವರಿಗೆ ಸಿಟ್ಟಿತ್ತು. ಅವು ಜನರನ್ನು ಪೇರಿಸಿಡುವ ಉಗ್ರಾಣ ಎಂಬ ಭಾವನೆ. ಸಂಸಾರಕ್ಕೆ ಬೇಕಾದದ್ದು ಮೊದಲು ಜಾಗ, ಗೋಡೆಯ ಅಂದ ಆಮೇಲೆ ಎಂಬುದು ಅವರ ವಾದ.

ಇಂದೂರಿನಲ್ಲಿ ಮಾಡಿದ್ದಂತೂ ತಮಾಷೆಯೇ ಸರಿ. ಹಬ್ಬದ ಮೆರವಣಿಗೆ ಯಾವ ಬೀದಿ ಚೊಕ್ಕಟವೋ ಆ ಬೀದಿಯಲ್ಲೇ ಹೋಗುತ್ತದೆ ಎಂದು ಸಾರಿಸಿದರಂತೆ. ಊರಿಗೆ ಊರೇ ಪೈಪೋಟಿಯ ಮೇಲೆ ಕಸ ಗುಡಿಸಿತು, ಮನೆ ರಿಪೇರಿ ಮಾಡಿಕೊಂಡಿತು ಎಂದು ಪ್ರತೀತಿ. 1918ರಲ್ಲಿ ಆ ಊರಿಗೆ ಎರಡು ಸಂಪುಟಗಳ ವರದಿ ಕೊಟ್ಟರು.

ಸ್ವಂತ ಬಾಳಿನಲ್ಲಿ ಪೆಟ್ಟು ಕಡಿಮೆ ತಿಂದವರಲ್ಲ. 1917ರಲ್ಲಿ ಹಿರಿಯ ಮಗ ಫ್ರಾನ್ಸಿನ ಯುದ್ಧದಲ್ಲಿ ಸತ್ತ. ಅದೇ ವರ್ಷ ಅನ್ನಾ ಕಲ್ಕತ್ತೆಯಲ್ಲಿ ತೀರಿಕೊಂಡರು. ಆದರೂ ಕೆಲಸ ಬಿಡಲಿಲ್ಲ. 1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿದರು. 1932ರ ಏಪ್ರಿಲ್ 17ರಂದು ಫ್ರಾನ್ಸಿನ ಮಾಂಪಲಿಯೆಯಲ್ಲಿ ನಿಧನರಾದರು.

ಅವರ ವರದಿಗಳಲ್ಲಿ ಬಹಳಷ್ಟು ಬೀರು ಸೇರಿದ್ದು ನಿಜ. ಆದರೆ ಅವರು ಕೇಳಿದ ಪ್ರಶ್ನೆ ಬೀರು ಸೇರಿಲ್ಲ. ಹಳೇ ಪೇಟೆ ಅಗಲ ಮಾಡುವ ನೋಟೀಸು ಕೈಗೆ ಬಂದ ನಿವಾಸಿಗಳು ನಗರಸಭೆಯ ಮೆಟ್ಟಿಲು ಹತ್ತುವಾಗ ಅರ್ಜಿಯಲ್ಲಿ ಮೊದಲು ಬರೆಯಬೇಕಾದದ್ದು ಅದನ್ನೇ: ಇಲ್ಲಿಂದ ಎಬ್ಬಿಸಿದವರನ್ನು ಎಲ್ಲಿ ಕೂರಿಸುತ್ತೀರಿ? ಉತ್ತರ ಬರುವ ತನಕ ಗುದ್ದಲಿ ಎತ್ತಬಾರದು.