ಸೀಸದ ಧೂಳಿನ ಬೆನ್ನು ಹತ್ತಿದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್



ಕೆಲಸ ಮುಗಿಸಿ ಬಂದವರು ಕೈಕಾಲು ತೊಳೆದು ಊಟಕ್ಕೆ ಕೂರುವುದು ನಮ್ಮೆಲ್ಲರ ಮನೆಯ ರೂಢಿ. ಕೈಗೆ ಅಂಟಿದ ಧೂಳು ನೀರಿನಲ್ಲಿ ಹೋಗುತ್ತದೆ. ಆದರೆ ಉಸಿರಿನ ಜೊತೆ ಒಳಗೆ ಹೋದ ಧೂಳನ್ನು ತೊಳೆಯುವುದು ಹೇಗೆ? ಈ ಸರಳ ವಿಷಯವನ್ನು ಅಮೆರಿಕದ ಕಾರ್ಖಾನೆ ಮಾಲೀಕರಿಗೆ ಒಪ್ಪಿಸಲು ಡಾ. ಆಲಿಸ್ ಹ್ಯಾಮಿಲ್ಟನ್ ಅವರು ವರ್ಷಗಟ್ಟಲೆ ಊರೂರು ಅಲೆಯಬೇಕಾಯಿತು.

ಅವರು ಹುಟ್ಟಿದ್ದು 1869ರ ಫೆಬ್ರವರಿ 27ರಂದು, ನ್ಯೂಯಾರ್ಕ್‌ನಲ್ಲಿ. ಬೆಳೆದದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಎಂಬ ಊರಿನಲ್ಲಿ. ಹದಿನೇಳು ವರ್ಷದವರೆಗೂ ಶಾಲೆಯ ಮುಖ ನೋಡದೆ ಮನೆಯಲ್ಲೇ ಕಲಿತರು. ಪರ್ಷಿಯಾದ ಬಗ್ಗೆ ಬರೆದ ಒಂದು ಪುಸ್ತಕ ಓದಿ, ತೆಹರಾನ್‌ಗೆ ವೈದ್ಯೆಯಾಗಿ ಹೋಗಬೇಕು ಎಂದು ಆ ವಯಸ್ಸಿನಲ್ಲಿ ಕನಸು ಕಂಡಿದ್ದರಂತೆ. 1893ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಬಂತು. ನಂತರ ಅಕ್ಕ ಈಡಿತ್ ಜೊತೆ ಜರ್ಮನಿಯ ಲೈಪ್‌ಜಿಗ್ ಮತ್ತು ಮ್ಯೂನಿಕ್‌ಗೆ ಹೋದರು. ಅಲ್ಲಿ ಹೆಣ್ಣುಮಕ್ಕಳು ಪಾಠ ಕೇಳಬಹುದಿತ್ತು, ಆದರೆ ಡಿಗ್ರಿ ಕೇಳುವಂತಿರಲಿಲ್ಲ.

1897ರಲ್ಲಿ ಷಿಕಾಗೋದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ವಾಸಕ್ಕೆ ಅವರು ಆರಿಸಿಕೊಂಡದ್ದು ಹಲ್ ಹೌಸ್ ಎಂಬ ಸೇವಾ ಕೇಂದ್ರವನ್ನು. ಸುತ್ತಲೂ ಇಟಲಿ, ಪೋಲೆಂಡ್ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗೆ ಬಂದ ಕೂಲಿಕಾರರ ಓಣಿಗಳು. ಅಲ್ಲಿ ಗಟ್ಟಿಮುಟ್ಟಾದ ಗಂಡಸರು ಕೆಲವೇ ತಿಂಗಳಲ್ಲಿ ಬಿಳಿಚಿಕೊಂಡು, ಹೊಟ್ಟೆ ಹಿಂಡುವ ನೋವಿನಿಂದ ಮಲಗುತ್ತಿದ್ದರು. ಕೆಲವರ ಮುಂಗೈ ಮಣಿಕಟ್ಟಿನಲ್ಲಿ ಜೋತು ಬಿದ್ದು, ಲೋಟ ಎತ್ತಲೂ ಆಗುತ್ತಿರಲಿಲ್ಲ. ಇದು ಸೀಸದ ವಿಷ. ರಸಾಯನಶಾಸ್ತ್ರದ ತರಗತಿಯಲ್ಲಿ ನಾವು ಪರಮಾಣು ಸಂಖ್ಯೆ 82 ಎಂದು ಬಾಯಿಪಾಠ ಮಾಡುವ ಅದೇ ಸೀಸ.

1910ರಲ್ಲಿ ಇಲಿನಾಯ್ ರಾಜ್ಯ ಸರ್ಕಾರ ಕಾರ್ಮಿಕರ ಕಾಯಿಲೆಗಳ ಸಮೀಕ್ಷೆ ನಡೆಸಿತು. ಅದರ ಹೊಣೆ ಹೊತ್ತವರು ಹ್ಯಾಮಿಲ್ಟನ್. ಸೀಸದ ಪ್ರಕರಣಗಳನ್ನು ಹುಡುಕಲು ಅವರು ಆಸ್ಪತ್ರೆಯ ದಾಖಲೆ ಪುಸ್ತಕಗಳನ್ನು ತಿರುವಿಹಾಕಿದರು, ಔಷಧಿ ಅಂಗಡಿಯವರನ್ನು ಮಾತಾಡಿಸಿದರು, ರೋಗಿಗಳ ಮನೆ ಬಾಗಿಲಿಗೇ ಹೋದರು. ಕಾರ್ಮಿಕರು ಫ್ಯಾಕ್ಟರಿಯಲ್ಲಿ ಮೇಸ್ತ್ರಿಯ ಎದುರು ಬಾಯಿ ಬಿಡುವುದಿಲ್ಲ, ಮನೆಯಲ್ಲಾದರೆ ಹೇಳುತ್ತಾರೆ ಎಂದು ಅವರಿಗೆ ಗೊತ್ತಾಗಿತ್ತು.

ಒಮ್ಮೆ ಆಸ್ಪತ್ರೆಯ ದಾಖಲೆಯಲ್ಲಿ ಸೀಸದ ವಿಷವೇರಿದ ಒಬ್ಬ ಪೋಲಿಷ್ ಕಾರ್ಮಿಕನ ವಿವರ ಸಿಕ್ಕಿತು. ಅವನ ಉದ್ಯೋಗ ಸ್ನಾನದ ತೊಟ್ಟಿಗಳಿಗೆ ಎನಾಮಲ್ ಹಾಕುವುದು. ಹ್ಯಾಮಿಲ್ಟನ್ ಕಾರ್ಖಾನೆಗೆ ಹೋದರು. ಅಲ್ಲಿಯವರು ಬಣ್ಣ ಬಳಿಯುವ ಒಂದು ಶುಚಿಯಾದ ಕೋಣೆಯನ್ನು ತೋರಿಸಿದರು. ಅಲ್ಲಿ ಅಪಾಯದ ಸುಳಿವೇ ಇರಲಿಲ್ಲ. ಹ್ಯಾಮಿಲ್ಟನ್ ಅಷ್ಟಕ್ಕೇ ಬಿಡದೆ ಆ ಕಾರ್ಮಿಕನ ಮನೆ ಹುಡುಕಿಕೊಂಡು ಹೋದರು. ನಿಜವಾದ ಎನಾಮಲ್ ಕೆಲಸ ನಡೆಯುವುದು ಬೇರೆಯೇ ಜಾಗದಲ್ಲಿ ಎಂದು ಅವನಿಂದ ತಿಳಿಯಿತು. ಅಲ್ಲಿ ಕೆಂಪಗೆ ಕಾದ ಕಬ್ಬಿಣದ ತೊಟ್ಟಿಯ ಮೇಲೆ ಕಾರ್ಮಿಕರು ಉದ್ದ ಹಿಡಿಯ ಜರಡಿಯಿಂದ ಎನಾಮಲ್ ಪುಡಿ ಉದುರಿಸುತ್ತಿದ್ದರು. ಪುಡಿ ಕರಗಿ ತೊಟ್ಟಿಗೆ ಹೊಳಪಾಗಿ ಹಿಡಿಯುತ್ತಿತ್ತು, ಹಿಡಿಯದ್ದು ಮೋಡದಂತೆ ಮೇಲೇಳುತ್ತಿತ್ತು. ಬೆಂಕಿಯ ಮುಂದೆ ಏದುಸಿರು ಬಿಡುತ್ತಾ ದುಡಿಯುವವರು ಆ ಮೋಡವನ್ನೇ ಉಸಿರಾಡುತ್ತಿದ್ದರು. ಪುಡಿಯನ್ನು ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಸೀಸ ಇತ್ತು. ಈ ಕಸುಬಿನಲ್ಲಿ ಸೀಸದ ಅಪಾಯವಿದೆ ಎಂದು ಹ್ಯಾಮಿಲ್ಟನ್ ಓದಿದ್ದ ಯುರೋಪಿನ ಪುಸ್ತಕಗಳಲ್ಲೂ ಇರಲಿಲ್ಲ.

ಮಾಲೀಕರಿಗೆ ಬೇರೆಯದೇ ವಾದವಿತ್ತು. ಕಾರ್ಮಿಕರು ಕೊಳಕರು, ಕೈ ತೊಳೆಯದೆ, ಉಗುರು ಕತ್ತರಿಸದೆ ಊಟ ಮಾಡುತ್ತಾರೆ, ಅದಕ್ಕೇ ಕಾಯಿಲೆ ಎಂದು ಅವರು ಹೇಳುತ್ತಿದ್ದರು. ಹ್ಯಾಮಿಲ್ಟನ್ ಒಪ್ಪಲಿಲ್ಲ. ಕೈ ತೊಳೆಯಲಿ, ಒಳ್ಳೆಯದೇ. ಆದರೆ ಕೋಣೆಯ ಗಾಳಿಯಲ್ಲೇ ವಿಷ ತೇಲುತ್ತಿರುವಾಗ ಸೋಪು ಏನು ಮಾಡೀತು? ತಪ್ಪು ಕಾರ್ಮಿಕನ ಉಗುರಿನಲ್ಲಿಲ್ಲ, ಕಾರ್ಖಾನೆಯ ಗಾಳಿಯಲ್ಲಿದೆ ಎಂದು ಅವರು ತೋರಿಸಿಕೊಟ್ಟರು. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಪುರಾವೆಯೂ ಅವರ ಕೈಯಲ್ಲಿತ್ತು. 90 ಜನ ದುಡಿಯುತ್ತಿದ್ದ ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ ಐದು ವರ್ಷ ಒಬ್ಬರಿಗೂ ಸೀಸದ ವಿಷ ತಗುಲಿರಲಿಲ್ಲ. 85 ಜನರಿದ್ದ ಅಮೆರಿಕದ ಒಂದು ಕಾರ್ಖಾನೆಯಲ್ಲಿ ಆರೇ ತಿಂಗಳಲ್ಲಿ 35 ಜನರಿಗೆ ತಗುಲಿತ್ತು. ಎರಡೂ ಕಡೆ ಸೀಸ ಒಂದೇ. ಇಂಗ್ಲೆಂಡಿನಲ್ಲಿ ಕಾನೂನು ಇತ್ತು, ತಪಾಸಣೆಗೆ ಅಧಿಕಾರಿಗಳಿದ್ದರು, ಧೂಳು ಏಳದಂತೆ ನೋಡಿಕೊಳ್ಳುತ್ತಿದ್ದರು.

ಧೂಳು ಏಳದಂತೆ ನೋಡಿಕೊಳ್ಳುವುದು ಮಂತ್ರವಿದ್ಯೆಯೇನಲ್ಲ. ಒಣ ಪುಡಿಯನ್ನು ಒದ್ದೆ ಮಾಡಿ ಕೆಲಸ ಮಾಡಬೇಕು. ಪುಡಿ ಮಾಡುವ ಯಂತ್ರವನ್ನು ನಾಲ್ಕೂ ಕಡೆ ಮುಚ್ಚಬೇಕು. ಧೂಳು ಹುಟ್ಟುವ ಜಾಗದಲ್ಲೇ ಹುಡ್ ಮತ್ತು ಫ್ಯಾನ್ ಇಟ್ಟು ಅದನ್ನು ಹೀರಿಕೊಳ್ಳಬೇಕು. ನೆಲವನ್ನು ಒಣ ಪೊರಕೆಯಿಂದ ಗುಡಿಸಬಾರದು, ಗುಡಿಸಿದರೆ ಕೂತ ಧೂಳು ಮತ್ತೆ ಏಳುತ್ತದೆ. ಮೂಗಿಗೆ ಕಟ್ಟುವ ಬಟ್ಟೆ ಇವೆಲ್ಲಕ್ಕೂ ಬದಲಿಯಲ್ಲ. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ ಕೂಡ ಧೂಳನ್ನು ಅದು ಹುಟ್ಟುವ ಜಾಗದ ಹತ್ತಿರವೇ ಹೀರಿ ತೆಗೆಯಲು ಹೇಳಿತು. ಆದರೆ ನಾಲ್ಕೈದು ಜನ ದುಡಿಯುವ ಕಲ್ಲು ಕೊಯ್ಯುವ ಶೆಡ್ಡು, ಬ್ಯಾಟರಿ ರಿಪೇರಿ ಅಂಗಡಿಗಳು ಸಾಮಾನ್ಯವಾಗಿ ಆ ಕಾಯ್ದೆಯ ಲೆಕ್ಕಕ್ಕೇ ಬರಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಅಬ್ಬಾ, ಮಾವ, ಅಣ್ಣಂದಿರು ದುಡಿಯುವುದು ಇಂಥ ಕಡೆಗಳಲ್ಲೇ.

1911ರಲ್ಲಿ ಹ್ಯಾಮಿಲ್ಟನ್ ಅವರು ಕೇಂದ್ರ ಸರ್ಕಾರಕ್ಕಾಗಿ, ಪೇಂಟಿಗೆ ಬಳಸುವ ವೈಟ್ ಲೆಡ್ ಎಂಬ ಸೀಸದ ಪುಡಿಯ ಕಾರ್ಖಾನೆಗಳನ್ನು ಸುತ್ತಿದರು. ಒಳಗೆ ಬಿಡಿ ಎಂದು ಒತ್ತಾಯಿಸುವ ಅಧಿಕಾರ ಅವರಿಗಿರಲಿಲ್ಲ. ಬಾಗಿಲು ತಟ್ಟಿ, ಮರ್ಯಾದೆಯಿಂದ ಕೇಳಿಯೇ ಒಳಗೆ ಹೋಗಬೇಕಿತ್ತು. ನ್ಯಾಷನಲ್ ಲೆಡ್ ಕಂಪನಿಯ ಉಪಾಧ್ಯಕ್ಷ ಎಡ್ವರ್ಡ್ ಕಾರ್ನಿಷ್ ಅವರು ತಮ್ಮ ಕಾರ್ಮಿಕರಿಗೆ ವಿಷವೇರಿದೆ ಎಂಬುದನ್ನು ನಂಬಲೇ ಇಲ್ಲ. ಸಾಬೀತು ಮಾಡಿದರೆ ಹೇಳಿದ ಹಾಗೆ ಕೇಳುತ್ತೇನೆ ಎಂದರು. ಹ್ಯಾಮಿಲ್ಟನ್ ಆಸ್ಪತ್ರೆ ಸೇರುವಷ್ಟು ವಿಷವೇರಿದ್ದ 22 ಕಾರ್ಮಿಕರ ವಿವರಗಳೊಂದಿಗೆ ಮರಳಿ ಬಂದರು. ಕಾರ್ನಿಷ್ ಮಾತಿಗೆ ತಪ್ಪಲಿಲ್ಲ. ಧೂಳು ಮತ್ತು ಹೊಗೆ ತಡೆಯುವ ವ್ಯವಸ್ಥೆ ಮಾಡಿಸಿದರು, ಕಾರ್ಮಿಕರನ್ನು ಪರೀಕ್ಷಿಸಲು ವೈದ್ಯರನ್ನು ನೇಮಿಸಿದರು. ಎಲ್ಲ ಮಾಲೀಕರೂ ಹೀಗಿರಲಿಲ್ಲ ಎನ್ನುವುದೂ ನಿಜ. ಅದೇ ವರ್ಷ ಇಲಿನಾಯ್‌ನಲ್ಲಿ ಕಾರ್ಮಿಕರ ಕಾಯಿಲೆಗಳ ಕುರಿತ ಕಾನೂನು ಬಂತು.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ಸಹಾಯಕ ಪ್ರಾಧ್ಯಾಪಕಿಯಾಗಿ ಕರೆಯಿತು. ಅಲ್ಲಿ ಪಾಠ ಮಾಡಲು ನೇಮಕವಾದ ಮೊದಲ ಮಹಿಳೆ ಅವರೇ. ಆದರೆ ಷರತ್ತುಗಳಿದ್ದವು: ಪ್ರಾಧ್ಯಾಪಕರ ಕ್ಲಬ್ಬಿಗೆ ಹೋಗುವಂತಿಲ್ಲ, ಫುಟ್‌ಬಾಲ್ ಟಿಕೆಟ್ ಇಲ್ಲ, ಘಟಿಕೋತ್ಸವದ ಮೆರವಣಿಗೆಯಲ್ಲಿ ನಡೆಯುವಂತಿಲ್ಲ. 1935ರಲ್ಲಿ ನಿವೃತ್ತಿಯಾಗುವಾಗಲೂ ಅವರು ಸಹಾಯಕ ಪ್ರಾಧ್ಯಾಪಕಿಯೇ. ಗೆಲುವೂ ಯಾವಾಗಲೂ ಸಿಗಲಿಲ್ಲ. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಅವರು 1925ರಲ್ಲೇ ವಿರೋಧಿಸಿದರೂ, ಬೆರೆಸುವುದು ಮುಂದೆ ಹತ್ತಾರು ವರ್ಷ ನಡೆದೇ ಇತ್ತು.

ಕೊನೆಯ ವರ್ಷಗಳನ್ನು ಅವರು ಕನೆಕ್ಟಿಕಟ್‌ನ ಹ್ಯಾಡ್‌ಲೈಮ್ ಎಂಬ ಸಣ್ಣ ಊರಿನಲ್ಲಿ ಕಳೆದರು. 1970ರ ಸೆಪ್ಟೆಂಬರ್ 22ರಂದು, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದದ್ದು ಅದೇ ಡಿಸೆಂಬರ್ 29ರಂದು.