ಗಿಟಾರ್ ನುಡಿಸಲು ಬಾರದ ಲಿಯೋ ಫೆಂಡರ್

ನಾವು ಮೂವರು ಗೆಳೆಯರು. ಲಿಂಗಸುಗೂರು, ಮಸ್ಕಿ, ಸಿಂಧನೂರು ನಮ್ಮ ಊರುಗಳು. ಮೂರೂ ಒಂದೇ ಹೆದ್ದಾರಿಯ ಮೇಲಿವೆ. ರಾಜ್ಯೋತ್ಸವಕ್ಕೆ ಹಾಡು ಕೂಡಿಸೋಣ ಅಂತ ಮಸ್ಕಿಯ ಆರ್ಕೆಸ್ಟ್ರಾ ವಾದಕರೊಬ್ಬರಿಂದ ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೊಂಡೆವು. ಅದರ ಬ್ರಿಡ್ಜಿಗೆ ತುಕ್ಕು ಹಿಡಿದಿತ್ತು. ವೀಣೆ, ತಂಬೂರಿಯಲ್ಲಿ ನಾವು ಕುದುರೆ ಅನ್ನೋದೇ ಇಲ್ಲಿ ಬ್ರಿಡ್ಜ್. ಅದರ ಮೇಲೆ ತಂತಿಗೊಂದು ಸ್ಯಾಡಲ್, ಅಂದ್ರೆ ಜೀನು! ಮೂರನೇ ತಂತಿಯ ಸ್ಯಾಡಲ್ ಎತ್ತರಿಸುವ ಸ್ಕ್ರೂ ಮಾತ್ರ ಜಪ್ಪಯ್ಯ ಅಂದ್ರೂ ತಿರುಗಲಿಲ್ಲ. ಈ ಬ್ರಿಡ್ಜನ್ನು ಹೀಗೆ ಮಾಡಿದ್ದು ಯಾರು ಅಂತ ಹುಡುಕಿದಾಗ ಸಿಕ್ಕವರೇ ಲಿಯೋ ಫೆಂಡರ್.

ಲಿಯೋ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ರೈತ ಕುಟುಂಬದಲ್ಲಿ. ಎಂಟನೇ ವಯಸ್ಸಿಗೆ ಗಡ್ಡೆಯಾಗಿ ಎಡಗಣ್ಣು ಹೋಯಿತು. ಚಿಕ್ಕಂದಿನಿಂದ ರೇಡಿಯೋ ಹುಚ್ಚು. ಆದರೆ ಓದಿದ್ದು ಅಕೌಂಟ್ಸ್, ಇಂಜಿನಿಯರಿಂಗ್ ಅಲ್ಲ. ಆರ್ಥಿಕ ಕುಸಿತದ ಕಾಲದಲ್ಲಿ ಲೆಕ್ಕ ಬರೆಯುವ ಕೆಲಸವೂ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ಹಾಕಿದರು.

ಊರಿನ ಸಂಗೀತಗಾರರು ಕೆಟ್ಟ ಆಂಪ್ಲಿಫೈಯರ್ ಹಿಡಿದು ಅಲ್ಲಿಗೇ ಬರುತ್ತಿದ್ದರು. ಯಾವ ಭಾಗ ಮೊದಲು ಕೆಡುತ್ತದೆ, ಯಾವುದನ್ನು ಬಿಚ್ಚೋದು ಕಷ್ಟ ಅನ್ನೋದು ಲಿಯೋಗೆ ಹೀಗೆ ಗೊತ್ತಾಯಿತು. 1946ರಲ್ಲಿ ತಮ್ಮದೇ ವಾದ್ಯ ಕಂಪನಿ ಕಟ್ಟಿದರು. 1950ರ ಹೊತ್ತಿಗೆ ಬಂದ, ಮುಂದೆ ಟೆಲಿಕ್ಯಾಸ್ಟರ್ ಅಂತ ಹೆಸರಾದ ಗಿಟಾರಿನ ಕತ್ತನ್ನು ಅಂಟಿನಿಂದಲ್ಲ, ನಾಲ್ಕು ಸ್ಕ್ರೂಗಳಿಂದ ಕೂಡಿಸಿದ್ದರು. ಕತ್ತು ಕೆಟ್ರೆ ಬಿಚ್ಚಿ ಬೇರೆ ಹಾಕಿದ್ರಾತು!

ಅದರ ಬ್ರಿಡ್ಜಿನಲ್ಲಿ ಇದ್ದದ್ದು ಮೂರೇ ಸ್ಯಾಡಲ್. ಎರಡು ತಂತಿಗೆ ಒಂದು. ಪ್ರತಿ ತಂತಿಯ ದಪ್ಪ ಬೇರೆ, ಹಾಗಾಗಿ ಶ್ರುತಿಗೆ ಬೇಕಾದ ಉದ್ದದಲ್ಲೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಒಂದನ್ನು ಸರಿ ಮಾಡಿದರೆ ಜೊತೆಯದು ತಪ್ಪುತ್ತಿತ್ತು. 1954ರ ಸ್ಟ್ರಾಟೋಕ್ಯಾಸ್ಟರಿಗೆ ಆರು ತಂತಿಗೂ ಆರು ಸ್ಯಾಡಲ್ ಕೊಟ್ಟರು. ಹಿಂದುಮುಂದಾಗಿಸಲು ಒಂದು ಸ್ಕ್ರೂ, ಎತ್ತರಕ್ಕೆ ಎರಡು. ಸನ್ನೆಯಿಂದ ಸ್ವರ ಅಲುಗಾಡಿಸುವ ಟ್ರೆಮೊಲೊ ಕೂಡ ಇದೇ ಬ್ರಿಡ್ಜಿನಲ್ಲಿತ್ತು. ತಂತಿಗಳ ಎಳೆತಕ್ಕೆ ಸರಿದೂಗಲು ಗಿಟಾರಿನ ಬೆನ್ನಿನೊಳಗೆ ಸ್ಪ್ರಿಂಗುಗಳು. ಇದರ ಮೊದಲ ಮಾದರಿಯಲ್ಲಿ ಸ್ವರ ನಿಲ್ಲದೆ ಬೇಗ ಸಾಯುತ್ತಿತ್ತು. ಖರ್ಚು ಮಾಡಿದ್ದು ಹೋದ್ರೆ ಹೋಗಲಿ ಅಂತ ಅದನ್ನು ಬಿಟ್ಟು ಹೊಸದಾಗಿ ಮಾಡಿದರು. 1956ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ವಿಚಿತ್ರ ಅಂದ್ರೆ ಲಿಯೋ ಕೊನೆಯವರೆಗೂ ಗಿಟಾರ್ ನುಡಿಸಲು ಕಲಿಯಲೇ ಇಲ್ಲ. ನುಡಿಸುವವರ ಕೈಗೆ ಕೊಟ್ಟು, ಅವರ ದೂರು ಕೇಳಿ ತಿದ್ದುತ್ತಿದ್ದರು. ಬಿಡದ ಸೋಂಕಿನಿಂದ ಬಳಲಿ 1965ರಲ್ಲಿ ಕಂಪನಿಯನ್ನು 1.3 ಕೋಟಿ ಡಾಲರಿಗೆ ಮಾರಿದರು. ಆಮೇಲೆ ಗುಣವಾಯಿತು, ಮತ್ತೆ ಕೆಲಸಕ್ಕೆ ಕೂತರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಕಾಲದಲ್ಲೂ ಕಾರ್ಖಾನೆ ಬಿಡಲಿಲ್ಲ. 1991ರ ಮಾರ್ಚ್ 21ರಂದು ತೀರಿಕೊಂಡರು.

ಇನ್ನು ನಮ್ಮ ಗಿಟಾರಿನ ಕತೆ. ಸಿಂಧನೂರಿನ ಗೆಳೆಯನ ಅಪ್ಪ ರೇಡಿಯೋ, ಟಿವಿ ರಿಪೇರಿ ಮಾಡುತ್ತಾರೆ. ಇದನ್ನು ಅವನು ಕಾಲೇಜಿನಲ್ಲಿ ಯಾರಿಗೂ ಹೇಳಿಕೊಂಡಿರಲಿಲ್ಲ. ಲಿಯೋ ಕತೆ ಓದಿದ ದಿನ ತಾನಾಗೇ ನಮ್ಮನ್ನು ಅಂಗಡಿಗೆ ಕರೆದೊಯ್ದ. ಅಪ್ಪಾಜಿ ಮೊದಲು ತಂತಿ ಸಡಿಲಿಸಿದರು. ಸ್ಕ್ರೂಗಳಿಗೆ ಒಂದೊಂದೇ ಹನಿ ಎಣ್ಣೆ ಬಿಟ್ಟು, ಕಟ್ಟಿಗೆಗೆ ತಾಗಿದ್ದನ್ನು ಒರೆಸಿ, ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಐದು ಸ್ಯಾಡಲ್ ಸಡಿಲವಾದವು. ಮೂರನೆಯದರ ಸ್ಕ್ರೂ ಬಾಯಿ ಸವೆದು ಅಲೆನ್ ಕೀ ಜಾರುತ್ತಿತ್ತು. ಅಳತೆ ತೆಗೆದು ಅದೊಂದೇ ಸ್ಯಾಡಲ್ ತರಿಸಿದೆವು. ಇಡೀ ಬ್ರಿಡ್ಜ್ ಬದಲಿಸುವ ಖರ್ಚು ಉಳಿಯಿತು. ಹನ್ನೆರಡನೇ ಮನೆಯ ಸ್ವರ, ಬಿಟ್ಟ ತಂತಿಯ ಸ್ವರಕ್ಕೆ ಸರಿಯಾಗಿ ಮೇಲಿನ ಷಡ್ಜವಾಗಿ ಕೂಡುವವರೆಗೆ ಒಂದೊಂದೇ ಸ್ಯಾಡಲ್ ಸರಿಸಿದೆವು.

ರಾಜ್ಯೋತ್ಸವದ ದಿನ ಗಿಟಾರ್ ನುಡಿಸಿದ್ದು ಮಸ್ಕಿಯವನು. ಅಪ್ಪಾಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ರಿಪೇರಿ ಮಾಡಿದ್ದು ನಮ್ಮಪ್ಪ ಅಂತ ಮೈಕಿನಲ್ಲಿ ಹೇಳಿದ್ದು ಸಿಂಧನೂರಿನವನೇ. ಅಪ್ಪಾಜಿಗೂ ಗಿಟಾರ್ ನುಡಿಸಲು ಬರುವುದಿಲ್ಲ.