ಜ್ವರವನ್ನೇ ಮದ್ದಾಗಿಸಿದ ವೈದ್ಯ ಡಾ| ವಿಲಿಯಂ ಕೋಲಿ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬುದು ನಮ್ಮ ಹಿರಿಯರ ಮಾತು. ಈ ಮಾತನ್ನು ಕ್ಯಾನ್ಸರ್‌ನಂತಹ ಭೀಕರ ಕಾಯಿಲೆಯ ವಿಷಯದಲ್ಲಿ ನಿಜವಾಗಿಸಲು ಜೀವಮಾನವಿಡೀ ಹೆಣಗಿದವರು ಅಮೆರಿಕದ ಶಸ್ತ್ರಚಿಕಿತ್ಸಕ ಡಾ| ವಿಲಿಯಂ ಬ್ರಾಡ್ಲಿ ಕೋಲಿ. ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರನ್ನು ಎದುರಿಸುವ ಇಮ್ಯುನೊಥೆರಪಿಯ ಪಿತಾಮಹ ಎಂದು ಇಂದು ಗೌರವ ಪಡೆಯುತ್ತಿರುವ ಇವರು, ಬದುಕಿದ್ದಾಗ ಮನ್ನಣೆಗಿಂತ ಸಂಶಯವನ್ನೇ ಹೆಚ್ಚು ಕಂಡವರು.

1862ರ ಜನವರಿ 12ರಂದು ಕನೆಕ್ಟಿಕಟ್ ರಾಜ್ಯದಲ್ಲಿ ಜನಿಸಿದ ಕೋಲಿ, ಯೇಲ್‌ನಲ್ಲಿ ಪದವಿ ಪಡೆದು 1888ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಶಿಕ್ಷಣ ಪೂರೈಸಿದರು. ನ್ಯೂಯಾರ್ಕ್‌ನಲ್ಲಿ ವೃತ್ತಿ ಆರಂಭಿಸಿದ ಹೊಸತರಲ್ಲೇ, 1890ರಲ್ಲಿ, ಬೆಸ್ಸಿ ಡಶೀಲ್ ಎಂಬ 17ರ ಹರೆಯದ ಯುವತಿ ಕೈನೋವೆಂದು ಅವರ ಬಳಿ ಬಂದಳು. ಅದು ಸಾರ್ಕೋಮ ಎಂಬ ಕ್ಯಾನ್ಸರ್ ಆಗಿತ್ತು. ಮುಂಗೈಯನ್ನೇ ಕತ್ತರಿಸಿ ತೆಗೆದರೂ ರೋಗ ಮೈಯೆಲ್ಲ ಹಬ್ಬಿ, 1891ರ ಜನವರಿಯಲ್ಲಿ ಆಕೆ ಕಣ್ಮುಚ್ಚಿದಳು. ಈ ಸಾವು ತರುಣ ವೈದ್ಯರ ನಿದ್ದೆಗೆಡಿಸಿತು.

ಕೋಲಿ ಆಸ್ಪತ್ರೆಯ ಹಳೆಯ ಕಡತಗಳನ್ನು ತಿರುವತೊಡಗಿದರು. ಅಲ್ಲಿ ಫ್ರೆಡ್ ಸ್ಟೈನ್ ಎಂಬ ಜರ್ಮನ್ ವಲಸಿಗನ ದಾಖಲೆ ಸಿಕ್ಕಿತು. ಕುತ್ತಿಗೆಯ ಗೆಡ್ಡೆಯನ್ನು ಹಲವು ಬಾರಿ ಕತ್ತರಿಸಿದರೂ ಅದು ಮತ್ತೆ ಬೆಳೆದು, ವೈದ್ಯರು ಆಸೆ ಬಿಟ್ಟಿದ್ದರು. ಆಗ ಗಾಯಕ್ಕೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗಲಿ ವಿಪರೀತ ಜ್ವರ ಬಂತು. ಜ್ವರ ಬಿಟ್ಟಾಗ ಗೆಡ್ಡೆಯೂ ಕರಗಿತ್ತು! ಈತ ಬದುಕಿರುವನೇ ಎಂದು ತಿಳಿಯಲು ಕೋಲಿ, ವಲಸಿಗರು ಕಿಕ್ಕಿರಿದು ವಾಸಿಸುತ್ತಿದ್ದ ಮ್ಯಾನ್‌ಹಟನ್‌ನ ಬಡ ಕೇರಿಗಳಲ್ಲಿ ಮನೆಮನೆ ಅಲೆದರು. ಏಳು ವರ್ಷಗಳ ಬಳಿಕವೂ ಸ್ಟೈನ್ ಆರೋಗ್ಯವಾಗಿಯೇ ಸಿಕ್ಕಿದ.

1891ರಲ್ಲಿ ಗಂಟಲ ಗೆಡ್ಡೆಯಿಂದ ಅನ್ನ ನೀರು ಇಳಿಯದೆ ನರಳುತ್ತಿದ್ದ ಜೋಲಾ ಎಂಬ ಇಟಲಿಯವನಿಗೆ ಕೋಲಿ ಜೀವಂತ ರೋಗಾಣುಗಳನ್ನೇ ಚುಚ್ಚಿದರು. ತಿಂಗಳುಗಳ ಪ್ರಯತ್ನದ ಬಳಿಕ ಸೋಂಕು ತಗಲಿ, ಗೆಡ್ಡೆ ಕರಗಿ, ಆತ ಸುಮಾರು ಎಂಟು ವರ್ಷ ಬದುಕಿದ. ಆದರೆ ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ. ಇಬ್ಬರು ರೋಗಿಗಳು ಆ ಸೋಂಕಿನಿಂದಲೇ ಮೃತಪಟ್ಟರು. ಬಳಿಕ ಕೋಲಿ ಹಾದಿ ಬದಲಿಸಿ, ಎರಡು ಬಗೆಯ ರೋಗಾಣುಗಳನ್ನು ಕಾಯಿಸಿ ಕೊಂದು ಮಿಶ್ರಣ ತಯಾರಿಸಿದರು. ಇದೇ ಕೋಲಿ ಟಾಕ್ಸಿನ್. 1893ರಲ್ಲಿ ಇದನ್ನು ಪಡೆದ, ಹೊಟ್ಟೆಯ ದೊಡ್ಡ ಗೆಡ್ಡೆಯಿಂದ ಹಾಸಿಗೆ ಹಿಡಿದಿದ್ದ 16ರ ಬಾಲಕ ಜಾನ್ ಫಿಕೆನ್ 26 ವರ್ಷ ಬಾಳಿ, ಹೃದಯಾಘಾತದಿಂದ ತೀರಿಕೊಂಡ.

ಆದರೆ ಕೆಲವರಿಗೆ ಗುಣ, ಹಲವರಿಗೆ ಇಲ್ಲ. ಏಕೆ ಎಂದು ವಿವರಿಸಲು ಕೋಲಿಯವರಿಗೆ ಆಗಲಿಲ್ಲ. ಮದ್ದಿನ ಪ್ರಮಾಣವೂ ಗುಣಮಟ್ಟವೂ ಒಂದೇ ತೆರನಾಗಿರಲಿಲ್ಲ. ವಿಕಿರಣ ಚಿಕಿತ್ಸೆ ಬಂದ ಮೇಲಂತೂ ಅವರದೇ ಮೆಮೋರಿಯಲ್ ಆಸ್ಪತ್ರೆಯ ಡಾ| ಜೇಮ್ಸ್ ಈವಿಂಗ್ ಈ ಪದ್ಧತಿಯ ಕಟು ವಿರೋಧಿಯಾದರು. ಹೀಗೆ ವಾದ ತೀರದೆಯೇ ಕೋಲಿ 1936ರ ಎಪ್ರಿಲ್ 16ರಂದು ಇಹಲೋಕ ತ್ಯಜಿಸಿದರು.

ತಂದೆಯ ಕೆಲಸ ಮಣ್ಣುಪಾಲಾಗದಂತೆ ಕಾಯ್ದವರು ಮಗಳು ಹೆಲೆನ್ ಕೋಲಿ ನಾಟ್ಸ್. ವೈದ್ಯೆಯಲ್ಲದಿದ್ದರೂ ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಂದೊಂದಾಗಿ ಕಲೆಹಾಕಿ, 1953ರಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯನ್ನು ಹುಟ್ಟುಹಾಕಿದ ಹಿರಿಮೆ ಇವರದು.

ಕೋಲಿಯವರಿಗೆ ತಿಳಿಯದಿದ್ದ ಗುಟ್ಟು ಮೆಲ್ಲಮೆಲ್ಲನೆ ಬಯಲಾಯಿತು. ರೋಗಾಣು ಒಳಹೊಕ್ಕಾಗ ಕಾವಲಿನ ಬಿಳಿ ರಕ್ತಕಣಗಳು ಅದನ್ನು ಗುರುತಿಸಿ ಸೈಟೊಕೈನ್ ಎಂಬ ರಾಸಾಯನಿಕ ಸಂದೇಶಗಳನ್ನು ಹೊರಬಿಡುತ್ತವೆ. ಜ್ವರ ಬರಿಸುವುದೂ, ಟಿ ಕಣಗಳೆಂಬ ಸೈನಿಕರನ್ನು ಹುರಿದುಂಬಿಸುವುದೂ ಇವೇ. ಆ ಎಚ್ಚರದಲ್ಲಿ ಅಡಗಿ ಕುಳಿತ ಕ್ಯಾನ್ಸರ್ ಕಣಗಳೂ ಸೈನಿಕರ ಕಣ್ಣಿಗೆ ಬೀಳಬಹುದು. ಗೆಡ್ಡೆ ಕೊಲ್ಲುವ ಟಿಎನ್‌ಎಫ್ ಎಂಬ ಸೈಟೊಕೈನನ್ನು 1975ರಲ್ಲಿ ಲಾಯ್ಡ್ ಓಲ್ಡ್ ಅವರ ತಂಡ ಪ್ರಕಟಿಸಿತು. ಟಿ ಕಣಗಳಿಗೆ ಇರುವ ಬ್ರೇಕ್ ತೆಗೆದರೆ ಅವು ಕ್ಯಾನ್ಸರ್ ಮೇಲೆ ಎರಗುತ್ತವೆ ಎಂದು ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಸಂದಿತು.

ಈ ಹಾದಿ ನಮ್ಮ ಮುಂಬಯಿಗೂ ಬಂದಿದೆ. ಪೊವಾಯಿಯ ಐಐಟಿ ಹಾಗೂ ಟಾಟಾ ಮೆಮೋರಿಯಲ್ ಸಹಯೋಗದಲ್ಲಿ ರೂಪುಗೊಂಡ, ರೋಗಿಯದೇ ಟಿ ಕಣಗಳನ್ನು ಹೊರತೆಗೆದು ಮಾರ್ಪಡಿಸಿ ಮರಳಿ ಸೇರಿಸುವ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆಯಿತು. ಇದು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ ಮಾತ್ರ. ಇಂತಹ ಚಿಕಿತ್ಸೆಯಲ್ಲೂ ಸೈಟೊಕೈನ್‌ಗಳು ಉಕ್ಕಿ ಜ್ವರ ಬರುವುದುಂಟು. ಅದು ಮಿತಿಮೀರಿದರೆ ಪ್ರಾಣಕ್ಕೇ ಸಂಚಕಾರ, ಹಾಗಾಗಿ ವೈದ್ಯರು ಹಗಲಿರುಳು ನಿಗಾ ಇಡುತ್ತಾರೆ.

ಕೋಲಿ ಅವರಿಗೆ ಜ್ವರದ ಬಲ ಗೊತ್ತಿತ್ತು, ಅದಕ್ಕೆ ಲಗಾಮು ಹಾಕುವ ವಿದ್ಯೆ ಅವರ ಕಾಲಕ್ಕೆ ಒದಗಿರಲಿಲ್ಲ. ಒಬ್ಬ ಯುವತಿಯ ಸಾವನ್ನು ಮರೆಯಲಾಗದ ವೈದ್ಯರೊಬ್ಬರು ಹಳೆಯ ಕಡತ ಬಿಚ್ಚಿದ್ದರಿಂದ ತೆರೆದ ಬಾಗಿಲಿನಲ್ಲಿ ಇಂದು ಎಷ್ಟೋ ಜೀವಗಳು ಹೊರಬರುತ್ತಿವೆ.